ಕ್ಯಾಮ್‌ಗೆ ಎಣ್ಣೆ ಯಾವಾಗ ಮುಟ್ಟುತ್ತದೆ?

ಎಲ್ಲರಿಗೂ ನಮಸ್ಕಾರ. ಹೊರಗೆ ಸಾಲಾಗಿ ನಿಂತ ಗಾಡಿಗಳನ್ನು ನೋಡಿಯೇ ಅರ್ಧ ಹೊಟ್ಟೆ ತುಂಬಿತು. ಜಾವಾ, ಯೆಜ್ಡಿಯವರೂ ಬಂದಿದ್ದೀರಿ. ನಿಮ್ಮದು ಟೂ ಸ್ಟ್ರೋಕ್, ಪೆಟ್ರೋಲಿಗೇ ಆಯಿಲ್ ಬೆರೆಸಿ ಹೊರಡುವವರು. ನಿಮ್ಮ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟೇ ಇಲ್ಲ! ಆರಾಮಾಗಿ ಕೂತು ನಮ್ಮ ಬುಲೆಟ್‌ನವರ ಕಷ್ಟ ಕೇಳಿ.

ನನ್ನ ಕೈಯಲ್ಲಿರುವುದು ಒಂದು ಎಕ್ಸಾಸ್ಟ್ ಕ್ಯಾಮ್, ಅಂದರೆ ತಿರುಗುತ್ತಾ ಹೊಗೆ ಬಿಡುವ ವಾಲ್ವನ್ನು ತೆರೆಯುವ, ಮೊಟ್ಟೆಯಾಕಾರದ ತುಂಡು. ಅಪ್ಪನ ಕಾಸ್ಟ್ ಐರನ್ ಬುಲೆಟ್ 350ರದ್ದು. ಮುಂದಿನ ಸಾಲಿಗೆ ಕೊಡುತ್ತೇನೆ, ಕೈಯಿಂದ ಕೈಗೆ ಹೋಗಲಿ. ಅದರ ಉಬ್ಬಿದ ತುದಿಗೆ ಮೂಗು ಅನ್ನುತ್ತೇವೆ, ಅದರ ಮೇಲೆ ಉಗುರು ಎಳೆದು ನೋಡಿ. ಒಂದು ಕಡೆ ಉಗುರು ಸಿಕ್ಕಿಕೊಳ್ಳುತ್ತದೆ, ಅಲ್ವಾ? ದುಂಡಗಿರಬೇಕಾದ ಮೂಗು ಅಲ್ಲಿ ಚಪ್ಪಟೆಯಾಗಿದೆ.

ಇದರ ಕಥೆ ಹೇಳಲೇಬೇಕು. ಅಪ್ಪನಿಗೆ ಮಂಡಿ ನೋವು ಜಾಸ್ತಿಯಾಗಿ ಗಾಡಿ ಓಡಿಸುವುದು ನಿಂತಿತು. ಸಾಗರದ ನಮ್ಮ ಮನೆಯ ಜಗಲಿ ಪಕ್ಕ, ಗೋಣಿಚೀಲ ಹೊದ್ದುಕೊಂಡು ಇಡೀ ಮಳೆಗಾಲ ಅದು ನಿಂತಲ್ಲೇ ನಿಂತಿತ್ತು. ದೀಪಾವಳಿಗೆ ಊರಿಗೆ ಹೋದೆ. ಧೂಳು ಒರೆಸಿದೆ, ಹೊಸ ಪೆಟ್ರೋಲ್ ಹಾಕಿದೆ. ನಾಲ್ಕನೇ ಕಿಕ್ಕಿಗೆ ಸ್ಟಾರ್ಟ್! ಅಂಗಳ ತುಂಬಾ ನೀಲಿ ಹೊಗೆ. ಅಮ್ಮ ಕೆಮ್ಮುತ್ತಾ ಹೊರಗೆ ಬಂದರು. ಅಪ್ಪ ಕುರ್ಚಿ ತರಿಸಿ ಎದುರಿಗೇ ಕೂತರು. ಅವರ ಮುಖ ನೋಡಿ ನನಗೆ ಇನ್ನೂ ಹುರುಪು ಬಂತು. ಐಡ್ಲಿಂಗ್ ಸ್ಕ್ರೂ ತಿರುಗಿಸಿ, ಗಾಡಿ ನಿಂತಲ್ಲೇ ಎಂಜಿನ್ ಓಡುವ ವೇಗ ಇಳಿಸಿದೆ. ಇನ್ನೂ ಇಳಿಸಿದೆ. ಡಗ್... ಡಗ್... ಡಗ್. ಒಂದೊಂದು ಬಡಿತವನ್ನೂ ಎಣಿಸಬಹುದು. ಪಕ್ಕದ ಮನೆಯವರು ಬಂದರು, ಕಾಫಿ ಬಂತು. ಕಾಲು ಗಂಟೆ ಎಲ್ಲರೂ ಸುಮ್ನೆ ಆ ಸದ್ದು ಕೇಳುತ್ತಾ ಕೂತಿದ್ದೆವು.

ಆ ಕಾಲು ಗಂಟೆಯೂ ಎಂಜಿನ್ ಒಳಗಡೆ ಈ ಕ್ಯಾಮ್ ಒಣಗಿಕೊಂಡು ಉಜ್ಜುತ್ತಿತ್ತು.

ನಾಲ್ಕು ತಿಂಗಳಲ್ಲಿ ಅದರ ಮೇಲಿದ್ದ ಎಣ್ಣೆಯೆಲ್ಲ ಜಾರಿ ಹೋಗಿತ್ತು. ಆಯಿಲ್ ಟ್ಯಾಂಕಿನಲ್ಲಿದ್ದ ಎಣ್ಣೆ ಪಂಪಿನ ಸಂದಿಯಿಂದ ಸೋರಿ ಎಂಜಿನ್ನಿನ ತಳದ ಕ್ರ್ಯಾಂಕ್‌ಕೇಸಿಗೆ ಇಳಿದಿತ್ತು. ನೀಲಿ ಹೊಗೆ ಬಂದದ್ದು ಅದಕ್ಕೇ. ಬುಲೆಟ್‌ನಲ್ಲಿ ಆಯಿಲ್ ಪಂಪ್ ಎಂಜಿನ್ನಿಗಿಂತ ಎಷ್ಟೋ ನಿಧಾನವಾಗಿ ತಿರುಗುತ್ತದೆ. ನಾವು ಐಡ್ಲಿಂಗ್ ಇಳಿಸಿದಷ್ಟೂ ಅದು ತೂಕಡಿಸುತ್ತದೆ. ಕ್ಯಾಮ್‌ಗಂತೂ ಅದನ್ನು ಮುಚ್ಚಿರುವ ಟೈಮಿಂಗ್ ಕವರಿನೊಳಗೆ ಚಿಮ್ಮುವ ಎಣ್ಣೆಯೇ ಗತಿ. ಎಂಜಿನ್ ತೆವಳುತ್ತಿದ್ದರೆ ಚಿಮ್ಮುವುದು ಎಲ್ಲಿಂದ ಬರಬೇಕು?

ಒಂದೇ ದಿನದಲ್ಲಿ ಹೀಗಾಗಲಿಲ್ಲ. ಆಮೇಲೂ ವರ್ಷಗಟ್ಟಲೆ ಪ್ರತಿ ಬೆಳಗ್ಗೆ ಹಾಗೇ ಮಾಡಿದೆ. ಕೊನೆಗೆ ವಾರಕ್ಕೊಮ್ಮೆ ಟ್ಯಾಪೆಟ್, ಅಂದರೆ ಕ್ಯಾಮ್ ಮೇಲೆ ಕೂತು ಅದು ಎತ್ತಿದಾಗ ಏರುವ ತುಂಡು, ಬಿಗಿ ಮಾಡುವ ಸ್ಥಿತಿ ಬಂತು. ನಮ್ಮ ಹಳೆ ಬುಲೆಟ್‌ನಲ್ಲಿ ಅಳತೆ ಸುಲಭ, ನಿಮಗೆಲ್ಲ ಗೊತ್ತು: ಎಂಜಿನ್ ತಣ್ಣಗಿರುವಾಗ, ಟ್ಯಾಪೆಟ್ಟಿನ ಮೇಲೆ ನಿಂತ ಕಡ್ಡಿ, ಪುಶ್‌ರಾಡ್, ಎರಡು ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಭಾನುವಾರ ಸರಿ ಮಾಡಿದರೆ ಮುಂದಿನ ಭಾನುವಾರಕ್ಕೆ ಮತ್ತೆ ಆಡುತ್ತಿತ್ತು. ಟೈಮಿಂಗ್ ಕವರ್ ಬಿಚ್ಚಿದರೆ ಎಣ್ಣೆಯಲ್ಲಿ ಬೆಳ್ಳಿ ಪುಡಿ ಕಲಸಿದ ಹಾಗೆ ಮಿನುಗು.

ಕ್ಯಾಮ್ ತಿರುಗುವುದು ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕಿನ ಅರ್ಧ ವೇಗದಲ್ಲಿ. 3000 ಆರ್‌ಪಿಎಂನಲ್ಲಿ, ಅಂದರೆ ಕ್ರ್ಯಾಂಕ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ, ಒಂದು ಗಂಟೆ ಓಡಿಸಿದರೆ ಕ್ಯಾಮ್ ತನ್ನ ಟ್ಯಾಪೆಟ್ಟನ್ನು 90,000 ಸಲ ಎತ್ತಿ ಇಳಿಸಿರುತ್ತದೆ. ವಾಲ್ವ್ ಸ್ಪ್ರಿಂಗಿನ ಬಲವೆಲ್ಲ ಮೂಗಿನ ಮೇಲಿನ ಒಂದು ಗೆರೆಯಷ್ಟು ಜಾಗದಲ್ಲಿ ಕೂರುತ್ತದೆ. ವೇಗ ಇದ್ದರೆ ಎಣ್ಣೆ ಎರಡರ ನಡುವೆ ಎಳೆದುಕೊಂಡು ಬಂದು ಪದರ ಕಟ್ಟುತ್ತದೆ. ವೇಗ ಇಲ್ಲದಿದ್ದರೆ ಪದರ ಹರಿದು ಲೋಹಕ್ಕೆ ಲೋಹ ತಾಗುತ್ತದೆ. ಅದಕ್ಕೇ ಮತ್ತೆ ಮತ್ತೆ ಹೇಳುತ್ತೇನೆ, ಡಗ್ ಡಗ್ ಸದ್ದಿನ ಮೋಹ ಬಿಡಿ.

ಇದು ನಮ್ಮ ಬುಲೆಟ್‌ನದ್ದೊಂದೇ ಪಾಡಲ್ಲ. ಇಂಗ್ಲೆಂಡಿನ ಟ್ರಯಂಫ್ 650 ಟ್ವಿನ್‌ನಲ್ಲೂ ಎಕ್ಸಾಸ್ಟ್ ಕ್ಯಾಮ್ ಸವೆಯುವುದು ದೊಡ್ಡ ತಲೆನೋವಾಗಿತ್ತು. 1960ರ ದಶಕದ ನಡುವಿಗೆ ಕಾರ್ಖಾನೆಯವರೇ ಎಕ್ಸಾಸ್ಟ್ ಟ್ಯಾಪೆಟ್ಟಿಗೆ ಪಂಪಿನಿಂದ ನೇರ ಎಣ್ಣೆ ಹೋಗುವ ದಾರಿ ಕೊರೆದರು. ಎಣ್ಣೆ ಹೊತ್ತಿಗೆ ಸರಿಯಾಗಿ ಅಲ್ಲಿಗೆ ಮುಟ್ಟಲಿ ಅಂತ.

ಈಗ ಎಲ್ಲರೂ ಕಾಯುತ್ತಿರುವ ಪ್ರಶ್ನೆ: ಯಾವ ಆಯಿಲ್? ಹೊಸದು, ದುಬಾರಿ ಅಂದರೆ ಒಳ್ಳೆಯದು ಅಂತ ತಿಳಿಯಬೇಡಿ. ಆಯಿಲ್‌ನಲ್ಲಿ ಜಡ್‌ಡಿಡಿಪಿ ಅಂತ ಒಂದು ಬೆರಕೆ ಇರುತ್ತದೆ, ಸತು ಮತ್ತು ರಂಜಕ ಸೇರಿದ್ದು. ಎಣ್ಣೆಯ ಪದರ ಹರಿದ ಕಡೆ, ಬಿಸಿ ಮತ್ತು ಒತ್ತಡಕ್ಕೆ, ಅದು ಲೋಹದ ಮೇಲೆ ಗಾಜಿನಂಥ ಒಂದು ಪೊರೆ ಕಟ್ಟುತ್ತದೆ. ದಪ್ಪ ಸುಮಾರು ಮಿಲಿಮೀಟರಿನ 10,000ದಲ್ಲಿ ಒಂದು ಪಾಲು. ಕಬ್ಬಿಣದ ಬದಲು ಆ ಪೊರೆ ಸವೆಯುತ್ತದೆ, ಮತ್ತೆ ಕಟ್ಟಿಕೊಳ್ಳುತ್ತದೆ. ಆದರೆ ರಂಜಕ ಈಗಿನ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ. ಹಾಗಾಗಿ 2004ರಲ್ಲಿ ಬಂದ, ಅಮೆರಿಕದ ಎಪಿಐ ಸಂಸ್ಥೆಯ ಎಸ್‌ಎಂ ಎಂಬ ಆಯಿಲ್ ದರ್ಜೆಯಲ್ಲಿ, 10ಡಬ್ಲ್ಯು-30ರಂಥ ತೆಳು ಆಯಿಲ್‌ಗಳಿಗೆ ರಂಜಕ 0.08% ದಾಟಬಾರದು ಅಂತ ಕಟ್ಟು ಹಾಕಿದರು. ಕಾರಿನ ಆ ತೆಳು ಆಯಿಲ್ ನಮ್ಮ ಗಾಡಿಗೆ ಬೇಡ. ಜಪಾನಿನ ಬೈಕ್ ಆಯಿಲ್ ದರ್ಜೆಯಾದ ಜಾಸೊ ಎಂಎ ಗುರುತಿರುವ, ದಪ್ಪನೆಯ 20ಡಬ್ಲ್ಯು-50 ತೆಗೆದುಕೊಳ್ಳಿ. ಜಾಸೊದಲ್ಲಿ ರಂಜಕ 0.08ರಿಂದ 0.12%ರ ಒಳಗಿರಬೇಕು. ಜಾಸ್ತಿ ಇದ್ದರೆ ಇನ್ನೂ ಒಳ್ಳೆಯದು ಅಂತ ಸತುವಿನ ಬಾಟಲಿ ತಂದು ಸುರಿಯಬೇಡಿ. ಅತಿಯಾದರೆ ಆ ಬೆರಕೆಯೇ ಲೋಹವನ್ನು ತಿನ್ನುತ್ತದೆ.

ಚೀಟಿ ಬಂತು, ಐದು ನಿಮಿಷ ಅಂತೆ. ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಹೊಸ ಕ್ಯಾಮ್ ಕೂರಿಸುವಾಗ ಮೂಗಿಗೂ ಟ್ಯಾಪೆಟ್ ಪಾದಕ್ಕೂ ಮಾಲಿಬ್ಡಿನಮ್ ಪೇಸ್ಟ್ ಹಚ್ಚಿ. ಹಳೆ ಟ್ಯಾಪೆಟ್ಟಿನ ಜೊತೆ ಹೊಸ ಕ್ಯಾಮ್ ಹಾಕಲೇಬೇಡಿ. ಪೇಟೆಯೊಳಗೆ ಎರಡೆರಡು ಕಿಲೋಮೀಟರ್ ಓಡಾಡುವ ಗಾಡಿಯ ಆಯಿಲ್‌ನಲ್ಲಿ ನೀರು, ಪೆಟ್ರೋಲ್ ಸೇರುತ್ತವೆ. ಅದಕ್ಕೆ ಕಿಲೋಮೀಟರ್ ಲೆಕ್ಕ ಬೇಡ, ತಿಂಗಳ ಲೆಕ್ಕದಲ್ಲಿ ಬದಲಿಸಿ. ಫಿಲ್ಟರ್ ವಿಷಯ ಇನ್ನೊಮ್ಮೆ ಮಾತಾಡೋಣ.

ಅಪ್ಪನ ಗಾಡಿ ಹೊರಗೆ ಬೇವಿನ ಮರದ ಕೆಳಗಿದೆ. ಮೂರು ವಾರದಿಂದ ಸ್ಟಾರ್ಟ್ ಮಾಡಿಲ್ಲ, ನಿಮಗೆ ತೋರಿಸಲೆಂದೇ ಟೆಂಪೊದಲ್ಲಿ ತಂದೆ. ಕೀ ಹಾಕುವ ಮುಂಚೆ, ಸಿಲಿಂಡರಿನ ಒತ್ತಡ ಬಿಡುವ ಡಿಕಂಪ್ರೆಸರ್ ಹಿಡಿದು ಹದಿನೈದು ಸಲ ಕಿಕ್ಕರ್ ತುಳಿಯುತ್ತೇನೆ. ಎಂಜಿನ್ನಿನ ಹೆಡ್ಡಿನ ಹತ್ತಿರ, ಮೇಲಕ್ಕೆ ಎಣ್ಣೆ ಒಯ್ಯುವ ರಾಕರ್ ಪೈಪಿನ ಬೋಲ್ಟ್ ಸ್ವಲ್ಪ ಸಡಿಲ ಬಿಟ್ಟಿದ್ದೇನೆ. ಅಲ್ಲಿ ಎಣ್ಣೆ ಜಿನುಗಿದ ಮೇಲೆ ಬಿಗಿ ಮಾಡಿ ಸ್ಟಾರ್ಟ್ ಮಾಡೋಣ. ಮೊದಲ ಎರಡು ನಿಮಿಷ ಆಕ್ಸಿಲರೇಟರ್ ಸ್ವಲ್ಪ ಎತ್ತಿಯೇ ಹಿಡಿಯುತ್ತೇನೆ. ಬನ್ನಿ, ಯಾರಾದರೂ ಒಬ್ಬರು ಹತ್ತಿರ ಕೂತು ಆ ಬೋಲ್ಟ್ ನೋಡಿಕೊಳ್ಳಿ. ಆ ಕ್ಯಾಮ್ ಕೊನೆಯ ಸಾಲಿಗೆ ಮುಟ್ಟಿದ್ದರೆ ಹೊರಗೆ ಬರುವಾಗ ತಂದುಕೊಡಿ.