ಪೆನ್ಸಿಲ್ ಗೆರೆ ಮುಚ್ಚದ ಜಲವರ್ಣ

ಕೇಳುಗರಿಗೆ ನಮಸ್ಕಾರ.

ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಕೂತು ಭೂತನಾಥ ಗುಡಿಯನ್ನು 2ಬಿ ಪೆನ್ಸಿಲ್‌ನಲ್ಲಿ ಬಿಡಿಸಿದ ಒಂದು ಹಾಳೆ ನನ್ನ ಹತ್ತಿರ ಇದೆ. ಗೆರೆಗಳು ಚೆನ್ನಾಗಿ ಬಂದಿವೆ. ಆದರೆ ಅದರ ಮೇಲೆ ಜಲವರ್ಣ ಹಚ್ಚಲು ಧೈರ್ಯ ಸಾಲಲಿಲ್ಲ. ತೆಳು ಹಾಳೆ, ನೀರು ಬಿದ್ದರೆ ಸುರುಟಿಕೊಳ್ಳುತ್ತದೆ. ಹಾಗಾಗಿ ಕಂಪ್ಯೂಟರಿನಲ್ಲೇ ಬಣ್ಣ ಹಾಕಿದೆ. ಹೇಗೆ ಅಂತ ಇವತ್ತು ಹೇಳುತ್ತೇನೆ.

ನಾನು ಬಳಸುವುದು ಕ್ರಿಟಾ ಅನ್ನುವ ಚಿತ್ರ ಬಿಡಿಸುವ ತಂತ್ರಾಂಶ. ಸ್ವೀಡಿಷ್ ಭಾಷೆಯಲ್ಲಿ ಕ್ರಿಟಾ ಅಂದರೆ ಸೀಮೆಸುಣ್ಣ. ಅದರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ, ಜಲವರ್ಣದ ಬ್ರಷ್‌ಗಳೂ ಜೊತೆಗೇ ಬರುತ್ತವೆ.

ಮೊದಲು ಹಾಳೆಯನ್ನು 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಗಳ ಲೆಕ್ಕದಲ್ಲಿ, ಸ್ಕ್ಯಾನ್ ಮಾಡಿ. ಬಿಳಿ ಹಾಳೆ ಸ್ವಲ್ಪ ಬೂದು ಬಣ್ಣಕ್ಕೆ ತಿರುಗಿದ್ದರೆ, ಬೆಳಕು-ಗಾಢತೆ ಹೊಂದಿಸುವ ಲೆವೆಲ್ಸ್‌ನಲ್ಲಿ ಬೆಳ್ಳಗೆ ಮಾಡಿ. ಜಾಸ್ತಿ ಎಳೆಯಬೇಡಿ, ಪೆನ್ಸಿಲ್ಲಿನ ಹಗುರ ಗೆರೆಗಳೇ ಮಾಯವಾಗಿಬಿಡುತ್ತವೆ.

ಇನ್ನು ಮುಖ್ಯವಾದ ಮಾತು. ಬಣ್ಣವನ್ನು ಗೆರೆಯ ಮೇಲೆ ಹಚ್ಚಬೇಡಿ, ಕೆಳಗೆ ಹಚ್ಚಿ. ಪೆನ್ಸಿಲ್ ಚಿತ್ರದ ಲೇಯರ್, ಅಂದರೆ ಪದರ, ಎಲ್ಲಕ್ಕಿಂತ ಮೇಲೆ ಇರಲಿ, ಅದನ್ನು ಮಲ್ಟಿಪ್ಲೈ ಮೋಡ್‌ಗೆ ಹಾಕಿ. ಆಗ ಹಾಳೆಯ ಬಿಳಿ ಭಾಗ ಗಾಜಿನಂತಾಗಿ ಕೆಳಗಿನ ಬಣ್ಣ ಕಾಣುತ್ತದೆ. ಗೆರೆ ಮಾತ್ರ ಹಾಗೇ ಉಳಿಯುತ್ತದೆ.

ಜಲವರ್ಣ ಅಂದರೆ ನೀರು ಜಾಸ್ತಿ, ಬಣ್ಣ ಕಡಿಮೆ, ಅಲ್ವಾ? ಅದಕ್ಕೇ ಬ್ರಷ್‌ನ ಒಪ್ಯಾಸಿಟಿಯನ್ನು, ಅಂದರೆ ಬಣ್ಣದ ದಟ್ಟತೆಯನ್ನು, ಶೇಕಡಾ 20-30ಕ್ಕೆ ಇಳಿಸಿಕೊಳ್ಳಿ. ಗುಡಿಯ ಗೋಡೆಗೆ ನಾನು ಮೊದಲು ತೆಳುವಾಗಿ ಕಾವಿ ಬಳಿದೆ. ಡಿಜಿಟಲ್ ಪೆನ್ ಎತ್ತಿ ಮತ್ತೊಮ್ಮೆ ಬಳಿದರೆ, ಎರಡು ಪದರ ಸೇರಿದ ಕಡೆ ಬಣ್ಣ ಗಟ್ಟಿಯಾಗುತ್ತದೆ. ಬಾದಾಮಿಯ ಕೆಂಪು ಮರಳುಗಲ್ಲು ಹೀಗೆ ಪದರ ಪದರವಾಗಿ ಮೂಡಿತು. ನೆರಳಿಗೆ ಕಪ್ಪು ಮುಟ್ಟಲೇ ಇಲ್ಲ. ಕಪ್ಪು ಹಾಕಿದರೆ ಕಲ್ಲಿಗೆ ಮಸಿ ಮೆತ್ತಿದಂತೆ ಕಾಣುತ್ತದೆ. ಕಾವಿಯ ಮೇಲೆ ತೆಳು ನೀಲಿ ಎಳೆದೆ. ಕಂಬಗಳ ಸಂದಿಯಲ್ಲಿ ತಂಪು ಬಂತು.

ಬಣ್ಣ ಅಲ್ಲಲ್ಲಿ ಗೆರೆ ದಾಟಿದರೆ ಸುಮ್ನೆ ಬಿಟ್ಟುಬಿಡಿ. ಒದ್ದೆ ಬಣ್ಣ ಹರಿಯುವುದೇ ಹಾಗೆ. ಗೆರೆಯೊಳಗೆ ಅಚ್ಚುಕಟ್ಟಾಗಿ ತುಂಬಿದರೆ ಮಕ್ಕಳ ಬಣ್ಣದ ಪುಸ್ತಕದ ಹಾಗಾಗುತ್ತದೆ.

ಇನ್ನು ಬಿಳಿ. ಜಲವರ್ಣದಲ್ಲಿ ಬಿಳಿಯನ್ನು ಹಚ್ಚುವುದಿಲ್ಲ, ಉಳಿಸಿಕೊಳ್ಳುತ್ತಾರೆ. ಕಂಪ್ಯೂಟರಿನಲ್ಲಿ ಬಿಳಿ ಬಣ್ಣ ಕೈಗೆಟುಕುವಷ್ಟು ಹತ್ತಿರ ಇರುತ್ತದೆ, ಆದರೂ ಮುಟ್ಟಬೇಡಿ. ಕೊಳದಲ್ಲಿ ಬಿದ್ದ ಗುಡಿಯ ಪ್ರತಿಬಿಂಬದ ನಡುವೆ ನೀರು ಹೊಳೆಯುವ ನಾಲ್ಕೈದು ಎಳೆಗಳನ್ನು ನಾನು ಖಾಲಿ ಬಿಟ್ಟೆ. ಚಿತ್ರ ಉಸಿರಾಡುವುದು ಅಲ್ಲೇ.

ಈಗ ಆ ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದರೆ, ಕಾವಿಯ ಒಳಗಿನಿಂದ ಅವತ್ತು ಅಂಗೈ ತಾಗಿ ಮಸುಕಾದ ಪೆನ್ಸಿಲ್ ಗುರುತೂ ಕಾಣುತ್ತದೆ. ಅದನ್ನು ನಾನು ಅಳಿಸಿಲ್ಲ.

ನಮಸ್ಕಾರ.