ನಮ್ಮ ಜಿಲ್ಲಾ ಹಕ್ಕಿಯ ಹೆಸರಿನಲ್ಲಿ ಒಂದು ‘ಹೆಚ್’ ಎಲ್ಲಿ ಹೋಯಿತು?

[ಪರದೆಯಲ್ಲಿ: ಕಡಲ ಮೇಲೆ ತೇಲುತ್ತಿರುವ ದೊಡ್ಡ ಹದ್ದು]

ನಮಸ್ಕಾರ. ಮಂಜೇಶ್ವರದಿಂದ ಒಬ್ಬರು ಕೇಳಿದ್ದಾರೆ: “ಅಣ್ಣಾ, ಕಾಸರಗೋಡಿನ ಜಿಲ್ಲಾ ಹಕ್ಕಿ ಬಿಳಿ ಹೊಟ್ಟೆಯ ಕಡಲ ಹದ್ದು, ಅಲ್ವಾ? ಹಳೆ ಪುಸ್ತಕದಲ್ಲಿ ಅದರ ಕುಲ ಹಾಲಿಯೀಟಸ್. ಹೊಸ ಪಟ್ಟಿಯಲ್ಲಿ ಇಕ್ತಿಯೋಫಾಗ. ಅದರ ಸ್ಪೆಲ್ಲಿಂಗೂ ತಪ್ಪು. ಏನಿದು?”

ಬೇಸಿಕ್ ಬೇಗ ಮುಗಿಸೋಣ. ಹಕ್ಕಿಯ ವೈಜ್ಞಾನಿಕ ಹೆಸರಿನಲ್ಲಿ ಎರಡು ಪದ: ಮೊದಲನೆಯದು ಕುಲ, ಅಂದರೆ ಹತ್ತಿರದ ಸಂಬಂಧಿಗಳ ಗುಂಪು. ಎರಡನೆಯದು ಪ್ರಭೇದ, ಅಂದರೆ ಆ ಹಕ್ಕಿಯದೇ ಹೆಸರು. 1788ರಲ್ಲಿ ಜರ್ಮನಿಯ ನಿಸರ್ಗ ತಜ್ಞ ಗ್ಮೆಲಿನ್ ಇದನ್ನು ಫಾಲ್ಕೊ ಲ್ಯೂಕೊಗ್ಯಾಸ್ಟರ್ ಎಂದು ಕರೆದ. ಆಗ ಹದ್ದು, ಗಿಡುಗ, ಡೇಗೆ ಎಲ್ಲಕ್ಕೂ ಫಾಲ್ಕೊ ಎನ್ನುತ್ತಿದ್ದರು. ಆಮೇಲೆ ಕಡಲ ಹದ್ದುಗಳ ಹಾಲಿಯೀಟಸ್ ಕುಲಕ್ಕೆ ಸೇರಿತು. ಈಚೆಗೆ ಡಿಎನ್‌ಎ ಹೋಲಿಸಿದರೆ, ಇದು ಅಮೆರಿಕದ ಬೋಳು ಹದ್ದಿಗಿಂತ ಏಷ್ಯಾದ ಎರಡು ಮೀನು ಹದ್ದುಗಳಿಗೇ ಹತ್ತಿರದ ಸಂಬಂಧಿ. ಆ ಎರಡರ ಕುಲ ಇಕ್ತಿಯೋಫಾಗ. ಹಾಗಾಗಿ ನಮ್ಮದೂ ಅಲ್ಲಿಗೆ ಹೋಯಿತು.

ಈಗ ನನಗಿಷ್ಟದ ವಿಷಯಕ್ಕೆ ಬರೋಣ.

[ಪರದೆಯಲ್ಲಿ: ಎರಡು ಸ್ಪೆಲ್ಲಿಂಗ್, ಒಂದರಲ್ಲಿ ಕೆಂಪು ವೃತ್ತ]

ಗ್ರೀಕಿನಲ್ಲಿ ಮೀನಿಗೆ ಇಖ್ತಿಸ್. ಅದನ್ನು ಲ್ಯಾಟಿನ್ ಅಕ್ಷರದಲ್ಲಿ ಬರೆಯುವಾಗ ಐ, ಸಿ, ಹೆಚ್, ಟಿ, ಹೆಚ್ ಬರಬೇಕು. 1843ರಲ್ಲಿ ಫ್ರಾನ್ಸಿನ ಲೆಸನ್ ಆ ಪದದಿಂದ ಇಕ್ತಿಯೋಫಾಗ ಎಂದು ಕುಲಕ್ಕೆ ಹೆಸರಿಟ್ಟಾಗ ಸಿ ಆದ ಮೇಲೆ ಹೆಚ್ ಇಲ್ಲ. ಎಷ್ಟೋ ಪುಸ್ತಕಗಳು ಅದನ್ನು ಸುಮ್ನೆ ಸೇರಿಸಿಬಿಟ್ಟಿದ್ದವು. ಆದರೆ ಪ್ರಾಣಿಗಳ ಹೆಸರಿನ ಅಂತಾರಾಷ್ಟ್ರೀಯ ನಿಯಮ ಕಟ್ಟುನಿಟ್ಟು: ಗ್ರೀಕಿನಿಂದ ತಪ್ಪಾಗಿ ಬರೆದದ್ದು ತಿದ್ದುವ ತಪ್ಪೇ ಅಲ್ಲ. ಮೊದಲು ಹೇಗೆ ಅಚ್ಚಾಯಿತೋ ಹಾಗೇ ಇರಬೇಕು.

ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟ್ ಪುಸ್ತಕದಲ್ಲಿ ನಮ್ಮ ಹೆಸರು ತಪ್ಪಿ ಬಿದ್ದ ಹಾಗೆ! ಆಮೇಲೆ ಲೈಸೆನ್ಸು, ಪಾಸ್‌ಪೋರ್ಟು ಎಲ್ಲವೂ ಅದೇ ತಪ್ಪಿಗೆ ಹೊಂದಿಕೊಳ್ಳುತ್ತವೆ. ನಾವಾದರೆ ಗೆಜೆಟ್ ಹಿಡಿದು ಓಡಾಡಬಹುದು. ಹದ್ದಿಗೆ ಅದೂ ಇಲ್ಲ.

ಇನ್ನೂ ತಮಾಷೆ ಕೇಳಿ. ಏಷ್ಯಾದ ಆ ಎರಡರಲ್ಲಿ ಒಂದಾದ ಬೂದು ತಲೆಯ ಮೀನು ಹದ್ದಿಗೆ ನಿಸರ್ಗ ತಜ್ಞ ಹಾರ್ಸ್‌ಫೀಲ್ಡ್ 1821ರಲ್ಲೇ ಇಕ್ತಿಯೀಟಸ್ ಎಂದು ಪ್ರಭೇದದ ಹೆಸರಿಟ್ಟಿದ್ದ, ಹೆಚ್ ಸಮೇತ. ಈಗ ಅದರ ಪೂರ್ತಿ ಹೆಸರು ಇಕ್ತಿಯೋಫಾಗ ಇಕ್ತಿಯೀಟಸ್. ಪಕ್ಕಪಕ್ಕದಲ್ಲೇ ಮೀನು ಎರಡು ಸಲ: ಮೊದಲ ಸಲ ಹೆಚ್ ಇಲ್ಲದೆ, ಎರಡನೇ ಸಲ ಹೆಚ್ ಜೊತೆ. ಎರಡೂ ಸರಿ! ಕನ್ನಡದಲ್ಲಿ ಬರೆದರೆ ಗೊತ್ತೂ ಆಗುವುದಿಲ್ಲ, ನಾವು ಬಚಾವ್.

ಟೈಮ್ ಆಯಿತು, ಉಳಿದದ್ದು ಒಂದೇ ಉಸಿರಿನಲ್ಲಿ. ನಮ್ಮ ಹದ್ದಿನ ಜೊತೆ ಆಫ್ರಿಕಾ, ಮಡಗಾಸ್ಕರ್, ಸಾಲೊಮನ್ ದ್ವೀಪಗಳ ಹದ್ದುಗಳೂ ಬಂದವು. ಮೊದಲಿದ್ದ ಎರಡು ಸೇರಿ ಈಗ ಕುಲದಲ್ಲಿ ಆರು. ಹಾಲಿಯೀಟಸ್‌ನಲ್ಲಿ ಉಳಿದದ್ದು ನಾಲ್ಕು. ಲ್ಯೂಕೊಗ್ಯಾಸ್ಟರ್ ಮಾತ್ರ 1788ರಿಂದ ಅಲ್ಲಾಡಿಲ್ಲ. ಹಾಲಿಯೀಟಸ್ ಎಂದಿರುವ ಹಳೆ ಪೋಸ್ಟರ್ ಇಟ್ಟುಕೊಂಡವರು ಅದನ್ನು ಹರಿಯಬೇಡಿ, ಆಗಿನ ಲೆಕ್ಕಕ್ಕೆ ಅದು ಸರಿಯೇ.

ಬೇಕಲದ ಕಡೆ ಹೋದರೆ ಮೇಲೆ ನೋಡಿ. ತಲೆ, ಹೊಟ್ಟೆ ಬಿಳಿ, ರೆಕ್ಕೆ ಬೂದು, ಬಾಲ ಮೋಟು. ತೇಲುವಾಗ ರೆಕ್ಕೆ ಇಂಗ್ಲಿಷಿನ ವಿ ಆಕಾರಕ್ಕೆ ಎತ್ತಿರುತ್ತದೆ. ಫೋಟೋ ಸಿಕ್ಕರೆ ಕಳಿಸಿ. ತಲೆ ಬಿಳಿ, ಮೈ ಇಟ್ಟಿಗೆ ಕೆಂಪು ಇದ್ದರೆ ಅದು ಗರುಡ. ಅದರ ಕುಲ ಬೇರೆ, ಅದಕ್ಕೆ ಬೇರೆ ವಿಡಿಯೋ ಮಾಡುತ್ತೇನೆ.