ತಳದ ನೀರಿನಲ್ಲಿ ಒಂದು ಉಸಿರು

ಗೆಳೆಯರೇ, ನಮ್ಮ ಕರಾವಳಿಯ ಮೀನು ಮಾರುಕಟ್ಟೆಗೆ ಹೋದವರು ತೊರಕೆಯನ್ನು ನೋಡಿಯೇ ಇರುತ್ತೀರಿ. ಚಪ್ಪಟೆ ಮೈ, ಚಾಟಿಯಂಥ ಬಾಲ. ಅದರ ದೂರದ ನೆಂಟನೊಬ್ಬನ ವಿಷಯ ಇವತ್ತು ಹೇಳುತ್ತೇನೆ. ಹೆಸರು ಮೌಜಿಯನ್ ಸ್ಕೇಟ್. ಊರು ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಪಶ್ಚಿಮ ದಂಡೆ.

ಈ ಮೀನು ಮೊದಲು ಸಿಕ್ಕಿದ್ದು 1988ರಲ್ಲಿ, ಬಾಥರ್ಸ್ಟ್ ಹಾರ್ಬರ್ ಎಂಬಲ್ಲಿ. ವಿಜ್ಞಾನದ ಹೆಸರು ಬಂದಿದ್ದು 2007ರಲ್ಲಿ. ಈಗ ಅದು ಉಳಿದಿರುವ ಖಚಿತ ನೆಲೆ ಮ್ಯಾಕ್ವಾರಿ ಹಾರ್ಬರ್ ಒಂದೇ. ಇಡೀ ಜಗತ್ತಿನಲ್ಲಿ ಒಂದೇ ಹಿನ್ನೀರು, ಯೋಚಿಸಿ ನೋಡಿ.

ಆ ಹಿನ್ನೀರು ಹೇಗಿದೆ ಅಂತ ತಿಳಿದರೆ ಮಾತ್ರ ಮೀನಿನ ಕಷ್ಟ ಅರ್ಥವಾಗುತ್ತದೆ. ಅಗಲ ಹೊಟ್ಟೆಯ, ಕಿರಿದಾದ ಕುತ್ತಿಗೆಯ ಬಾಟಲಿಯನ್ನು ನೆನಪಿಸಿಕೊಳ್ಳಿ. ಕಡಲಿಗೆ ತೆರೆಯುವ ಬಾಯಿ ಬಹಳ ಸಣ್ಣದು, ಆಳವೂ ಕಡಿಮೆ. ಮೇಲುಗಡೆ ಗಾರ್ಡನ್ ಮತ್ತು ಕಿಂಗ್ ನದಿಗಳ ಸಿಹಿನೀರು, ಚಹಾ ಡಿಕಾಕ್ಷನ್‌ನಷ್ಟು ಕಪ್ಪು. ಕೆಳಗೆ ಭಾರವಾದ ಉಪ್ಪುನೀರು. ಎರಡೂ ಸುಲಭವಾಗಿ ಬೆರೆಯುವುದಿಲ್ಲ. ಹಾಗಾಗಿ ಮೇಲಿನ ಗಾಳಿ ತಳಕ್ಕೆ ಇಳಿಯುವುದಿಲ್ಲ. ಹೊರಗಿನ ಕಡಲ ನೀರು ಒಳಗೆ ನುಗ್ಗಿದಾಗಷ್ಟೇ ತಳಕ್ಕೆ ಹೊಸ ಆಕ್ಸಿಜನ್.

ನಮ್ಮ ಸ್ಕೇಟ್ ಬದುಕುವುದು ಆ ತಳದಲ್ಲೇ. ಏಡಿ ಹಿಡಿದು ತಿನ್ನುತ್ತದೆ. ಬಾಯಿ ಹೊಟ್ಟೆಯ ಕಡೆ ಇರುವುದರಿಂದ, ಕೆಸರು ಒಳಗೆ ಹೋಗದಂತೆ ಕಣ್ಣಿನ ಹಿಂದಿನ ರಂಧ್ರಗಳಿಂದ ನೀರೆಳೆದು ಉಸಿರಾಡುತ್ತದೆ. ತೊರಕೆ ಮರಿ ಹಾಕುತ್ತದೆ, ಸ್ಕೇಟ್ ಮಾತ್ರ ಮೊಟ್ಟೆ ಇಡುತ್ತದೆ. ತೊಗಲಿನ ಚೀಲದಂಥ ಮೊಟ್ಟೆ. ಅದನ್ನು ಕೆಸರಿನಲ್ಲಿ ಬಿಟ್ಟು ತಾಯಿ ಹೊರಟುಹೋಗುತ್ತದೆ. ಒಳಗಿನ ಮರಿ ಬೆಳೆಯಲು ಸುಮಾರು 7 ತಿಂಗಳು ಬೇಕು! ಬೆಳೆದ ಮೀನಾದರೆ ಉಸಿರು ಕಟ್ಟಿದಾಗ ಮೇಲಕ್ಕೆ ಸರಿಯಬಹುದು. ಮೊಟ್ಟೆ ಎಲ್ಲಿಗೆ ಹೋದೀತು? ನನ್ನನ್ನು ಜಾಸ್ತಿ ಕಾಡುವುದು ಇದೇ.

ಇಂಥ ನೀರಿನಲ್ಲಿ ಸಾಲ್ಮನ್ ಎಂಬ ಮೀನಿನ ಸಾಕಣೆ ಶುರುವಾಗಿದ್ದು 1980ರ ದಶಕದಲ್ಲಿ. 2012ರ ಹೊತ್ತಿಗೆ ಅದಕ್ಕೆ ದೊಡ್ಡ ವಿಸ್ತರಣೆ ಸಿಕ್ಕಿತು. ಬಲೆಪಂಜರದ ಮೀನಿನ ಹಿಕ್ಕೆ, ತಿನ್ನದೆ ಉಳಿದ ಮೇವು ನೀರಿಗೆ ಸೇರುತ್ತವೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಆಕ್ಸಿಜನ್ ನುಂಗುತ್ತವೆ. ತಳದಲ್ಲಿ ಮೊದಲೇ ಕೊರತೆ ಇತ್ತು, ಅಲ್ವಾ? ನದಿಗೆ ಕಟ್ಟಿದ ವಿದ್ಯುತ್ ಅಣೆಕಟ್ಟು, ಬೆಚ್ಚಗಾಗುತ್ತಿರುವ ನೀರು, ಜನ ಹಾಕುವ ಬಲೆ, ಇವೂ ಸೇರಿಕೊಂಡವು. 2014ರಿಂದ 2021ರ ನಡುವೆ ಸ್ಕೇಟ್‌ಗಳ ಸಂಖ್ಯೆ ಶೇ. 47ರಷ್ಟು ಕುಸಿಯಿತು ಎಂದು ಟಾಸ್ಮೇನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಂದಾಜು ಮಾಡಿದರು.

ಕೆಲಸ ನಡೆದಿಲ್ಲವೆಂದಲ್ಲ. ತಳದ ನೀರನ್ನು ಮೇಲೆತ್ತಿ, ಆಕ್ಸಿಜನ್ ಸೇರಿಸಿ, ಮತ್ತೆ ಆಳಕ್ಕೆ ಬಿಡುವ ಪ್ರಯೋಗ ನಡೆಯುತ್ತಿದೆ. ಟಾಸ್ಮೇನಿಯಾದ ರಾಜಧಾನಿ ಹೋಬಾರ್ಟ್‌ನ ತೊಟ್ಟಿಗಳಲ್ಲಿ ಕೆಲವು ಸ್ಕೇಟ್‌ಗಳನ್ನು ಸಾಕಿದರು. ಅಲ್ಲೇ ಇಟ್ಟ ಮೊಟ್ಟೆಯೊಂದರಿಂದ 2024ರಲ್ಲಿ ಮರಿ ಹೊರಬಂತು. 2025ರ ಸಮೀಕ್ಷೆಯಲ್ಲಿ ಸಂಖ್ಯೆ ಚೇತರಿಸಿಕೊಂಡ ಸೂಚನೆ ಕಂಡಿತು, ಎಳೆಯ ಮೀನುಗಳೂ ಸಿಕ್ಕವು. ಓದಿ ತುಂಬಾ ಖುಷಿಯಾಯಿತು.

ಆದರೂ ಒಂದು ಮಾತು ಹೇಳಲೇಬೇಕು. ತೊಟ್ಟಿಯಲ್ಲಿ ಬೆಳೆದ ಮರಿಯನ್ನು ಕೊನೆಗೆ ಬಿಡುವುದು ಅದೇ ನೀರಿಗೆ ತಾನೇ? ಪಂಜರದ ಮೀನು ಮತ್ತು ಮೇವಿನ ಪ್ರಮಾಣ ತಗ್ಗಿಸುವುದೇ ಬೇಗ ಫಲ ಕೊಡುವ ದಾರಿ ಎಂದು ಆಸ್ಟ್ರೇಲಿಯಾ ಸರ್ಕಾರದ 2023ರ ಸಂರಕ್ಷಣಾ ಸಲಹೆಯೇ ಹೇಳಿತ್ತು. 2025ರ ಮಾರ್ಚ್‌ನಲ್ಲಿ ಅಲ್ಲಿನ ಸಂಸತ್ತು ಕಾನೂನು ತಿದ್ದಿ ಸಾಕಣೆ ಮುಂದುವರಿಯಲು ದಾರಿ ಮಾಡಿಕೊಟ್ಟಿತು. ಅಲ್ಲಿನ ಸಣ್ಣ ಊರಿನ ಜನರಿಗೆ ಆ ಕೆಲಸ ಬೇಕು, ಅದು ನನಗೂ ಗೊತ್ತು. ಅವರಿಗೆ ಬೇರೆ ದುಡಿಮೆ ಹುಡುಕಿಕೊಡಬಹುದು. ಸ್ಕೇಟ್‌ಗೆ ಬೇರೆ ಹಿನ್ನೀರು ಹುಡುಕಿಕೊಡಲು ಆಗುವುದಿಲ್ಲ.